ಕ್ವೇಕರ್ ಸಭಾಮನೆ: ಖಾಲಿ ಕೋಣೆ ಅನ್ನುತ್ತೀರಲ್ಲ, ಆ ಎತ್ತರದ ಬೆಂಚು ಯಾರಿಗೆ?

ಇಟ್ಟಿಗೆಗೂಡು:

ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟ್ ಮೀಟಿಂಗ್ ಹೌಸ್ ನೋಡಿ ಬಂದೆ. ಕ್ವೇಕರ್‌ಗಳು, ಅಂದರೆ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು, 1804ರಲ್ಲಿ ಕಟ್ಟಿದ ದೊಡ್ಡ ಇಟ್ಟಿಗೆ ಕಟ್ಟಡ. ಕ್ವೇಕರ್ ಓಟ್ಸ್ ಡಬ್ಬದ ಮೇಲಿನ ಟೋಪಿ ತಾತನ ಜೋಕು ಯಾರೂ ಹಾಕಬೇಡಿ. ಆ ಕಂಪನಿಗೂ ಇವರಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಇವರದ್ದು.

ಒಳಗೆ ಶಿಲುಬೆ ಇಲ್ಲ. ಬಲಿಪೀಠ ಇಲ್ಲ. ಬಣ್ಣದ ಗಾಜು, ಮೂರ್ತಿ, ಮೇಣದ ಬತ್ತಿ, ಏನೂ ಇಲ್ಲ. ಬಿಳಿ ಗೋಡೆ, ದೊಡ್ಡ ಕಿಟಕಿ, ಸಾಲು ಸಾಲು ಮರದ ಬೆಂಚು, ಅಷ್ಟೇ. ನಮ್ಮ ಗುಂಪಿನಲ್ಲಿದ್ದ ಒಬ್ಬರು "ಇದೇನ್ರೀ, ಸಾಮಾನು ಸಾಗಿಸಿದ ಮೇಲೆ ಉಳಿದ ಮನೆ ಥರ ಇದೆ" ಅಂದರು.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೋಣೆಯ ಒಂದು ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎತ್ತರಿಸಿದ ಬೆಂಚುಗಳಿವೆ. ಮಿಕ್ಕ ಬೆಂಚುಗಳೆಲ್ಲ ಅವುಗಳ ಕಡೆ ಮುಖ ಮಾಡಿವೆ, ಅವು ಜನರ ಕಡೆ. ಪಾದ್ರಿ ಇಲ್ಲ, ಮೇಲು ಕೀಳು ಇಲ್ಲ, ಸಂಕೇತವೇ ಬೇಡ ಅನ್ನುವವರಿಗೆ ಆ ಎತ್ತರ ಯಾಕೆ? ಅಲ್ಲಿ ಯಾರು ಕೂರುತ್ತಿದ್ದರು? ಗೊತ್ತಿರುವವರು ಹೇಳಿ.

ಉತ್ತರದೂರು:

ನಾನಿರುವುದು ಇಂಗ್ಲೆಂಡಿನ ಉತ್ತರಕ್ಕೆ. ಇಲ್ಲಿಯ ಕ್ವೇಕರ್ ಸಭೆಗೆ ಹೋಗಿ ಕೂರುವ ಅಭ್ಯಾಸ ಇದೆ, ಸದಸ್ಯೆ ಅಲ್ಲ. ಎತ್ತರದ ಬೆಂಚಿನ ವಿಷಯ ಉಳಿ_ಬಾಚಿ ಅವರಿಗೆ ಬಿಡುತ್ತೇನೆ. ಮರದ ಮಾತು ಬಂದರೆ ಅವರನ್ನು ಹಿಡಿಯೋದು ಕಷ್ಟ. ನಾನು ಅಲ್ಲಿ ಇಲ್ಲದ ಸಾಮಾನಿನಿಂದ ಶುರು ಮಾಡುತ್ತೇನೆ.

ಚರ್ಚಿನ ಒಂದೊಂದು ಸಾಮಾನಿಗೂ ಒಂದು ಕೆಲಸ ಇದೆ. ಬಲಿಪೀಠ ಇರೋದು ರೊಟ್ಟಿ, ದ್ರಾಕ್ಷಾರಸದ ವಿಧಿಗೆ. ನೀರಿನ ತೊಟ್ಟಿ ದೀಕ್ಷಾಸ್ನಾನಕ್ಕೆ. ಪ್ರವಚನ ಪೀಠ ಪಾದ್ರಿಗೆ, ಆರ್ಗನ್ ಕೀರ್ತನೆಗೆ. ಕ್ವೇಕರ್‌ಗಳು ಮೊದಲು ಬಿಟ್ಟದ್ದು ಈ ವಿಧಿಗಳನ್ನು. ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ನಡುವೆ ಪಾದ್ರಿ ಬೇಡ, ನೀರು ಬೇಡ, ರೊಟ್ಟಿ ಬೇಡ ಅಂದರು. ಎಲ್ಲರೂ ಮೌನವಾಗಿ ಕೂರಬೇಕು. ಒಳಗಿನಿಂದ ಮಾತು ಬಂದರೆ ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಮೌನವಾಗಿ ಕೂರೋದಕ್ಕೆ ಬೇಕಾದ ಸಾಮಾನು ಯಾವುದು? ಬೆಂಚು. ಹಾಗಾಗಿ ಬೆಂಚು ಉಳಿಯಿತು. ಇವರಿಗೆ ಚೆಂದ ಅಂದರೆ ಆಗದು ಅಂತ ಓದುವುದು ಅರ್ಧ ಸರಿ ಅಷ್ಟೇ.

ಈ ಪಂಥ ಶುರು ಮಾಡಿದ ಜಾರ್ಜ್ ಫಾಕ್ಸ್‌ಗೆ ಕಟ್ಟಡದ ಮೇಲೇ ಗೌರವ ಇರಲಿಲ್ಲ. 1652ರಲ್ಲಿ ಫರ್‌ಬ್ಯಾಂಕ್ ಫೆಲ್ ಅನ್ನುವ ಗುಡ್ಡದ ಮೇಲೆ ಬಂಡೆಯ ಪಕ್ಕ ನಿಂತು ಜನರ ಜೊತೆ ಗಂಟೆಗಟ್ಟಲೆ ಮಾತಾಡಿದ. ಪಕ್ಕದಲ್ಲೇ ಒಂದು ಪ್ರಾರ್ಥನಾ ಮಂದಿರ ಇತ್ತು. ಒಳಗೆ ಹೋಗದೆ ಬಯಲಲ್ಲಿ ಬೋಧಿಸುವುದು ಕೆಲವರಿಗೆ ವಿಚಿತ್ರ ಅನ್ನಿಸಿತು. ಆ ಕಟ್ಟಡದ ನೆಲಕ್ಕಿಂತ ಈ ಗುಡ್ಡ ಏನು ಕಡಿಮೆ ಪವಿತ್ರ ಅನ್ನುವುದು ಅವನ ನಿಲುವು. ಈಗಲೂ ಆ ಬಂಡೆಯನ್ನು ಫಾಕ್ಸ್‌ನ ಪ್ರವಚನ ಪೀಠ ಅಂತಲೇ ಕರೆಯುತ್ತಾರೆ. ಪೀಠವೇ ಬೇಡ ಅಂದವನ ಹೆಸರಲ್ಲೊಂದು ಪೀಠ!

ಇನ್ನೊಂದು ಕಾರಣ ಸರ್ಕಾರ. ಆಗ ಈ ಸಭೆಗಳು ಕಾನೂನಿಗೆ ವಿರುದ್ಧ. 1670ರಲ್ಲಿ ಲಂಡನ್ನಿನ ಹಾರ್ಸ್‌ಲಿಡೌನ್ ಸಭಾಮನೆಯನ್ನು ರಾಜಾಜ್ಞೆಯಿಂದ ಕೆಡವಿದರು. ಕ್ವೇಕರ್‌ಗಳು ಅದೇ ಅವಶೇಷದ ಮೇಲೆ ಬಂದು ಕೂತರು. 1682ರಲ್ಲಿ ಬ್ರಿಸ್ಟಲ್‌ನಲ್ಲಿ ದೊಡ್ಡವರನ್ನೆಲ್ಲ ಜೈಲಿಗೆ ಹಾಕಿದಾಗ ಮಕ್ಕಳೇ ಸಭೆ ನಡೆಸಿಕೊಂಡು ಹೋದರು. ಯಾವತ್ತು ಬೇಕಾದರೂ ಕೆಡವಬಹುದಾದ ಮನೆಗೆ ಯಾರು ಅಲಂಕಾರ ಮಾಡುತ್ತಾರೆ ಹೇಳಿ. 1689ರಲ್ಲಿ ಸಹಿಷ್ಣುತಾ ಕಾಯ್ದೆ ಬಂದ ಮೇಲೆ ಧೈರ್ಯವಾಗಿ ಕಟ್ಟತೊಡಗಿದರು. ಆ ಹೊತ್ತಿಗೆ ಸರಳ ಮನೆಯೇ ರೂಢಿಯಾಗಿತ್ತು.

ಅದಕ್ಕೂ ಮೊದಲಿನ ಕೆಲವು ಉಳಿದಿವೆ. ಹರ್ಟ್‌ಫರ್ಡ್‌ನದು 1670ರದ್ದು, ಇವತ್ತಿಗೂ ಅಲ್ಲಿ ಸಭೆ ಸೇರುತ್ತದೆ. ನನಗೆ ಇಷ್ಟವಾದದ್ದು ಸೆಡ್‌ಬರ್ಗ್ ಹತ್ತಿರದ ಬ್ರಿಗ್‌ಫ್ಲಾಟ್ಸ್, 1675ರದ್ದು. ಹೊರಗಿನಿಂದ ನೋಡಿದರೆ ರೈತನ ಮನೆ ಅನ್ನಬೇಕು. ಬಿಳಿ ಸುಣ್ಣ, ಚಿಕ್ಕ ಚಿಕ್ಕ ಚೌಕದ ಗಾಜಿನ ಕಿಟಕಿ. ಒಳಗೆ ಕಪ್ಪಾದ ಓಕ್ ಮರ. ಮೇಲಿನ ಅಟ್ಟಕ್ಕೆ ಹೋಗುವ ಮೆಟ್ಟಿಲ ಬುಡದಲ್ಲಿ ಮರದ ಚಿಕ್ಕ ಗೂಡೊಂದಿದೆ. ಏನಿದು ಅಂತ ಕೇಳಿದರೆ ನಾಯಿ ದೊಡ್ಡಿ ಅಂದರು. ಸುತ್ತಲಿನವರೆಲ್ಲ ಕುರಿ ಸಾಕುವವರು. ಭಾನುವಾರ ಕುರಿನಾಯಿ ಜೊತೆಗೇ ಬರುತ್ತಿತ್ತು. ಮನುಷ್ಯರು ಮೌನವಾಗಿ ಕೂತಾಗ ಅದನ್ನು ಅಲ್ಲಿ ಬಿಟ್ಟು ಬಾಗಿಲು ಹಾಕುತ್ತಿದ್ದರು. ಬಲಿಪೀಠಕ್ಕೆ ಜಾಗ ಇಲ್ಲದ ಮನೆಯಲ್ಲಿ ನಾಯಿಗೆ ಜಾಗ ಇತ್ತು.

ಮಲೆನಾಡ_ಮಾಣಿ:

ನಾಯಿ ಬೊಗಳಿದರೆ ಅದನ್ನೂ ಒಳಗಿನ ಪ್ರೇರಣೆ ಅಂತ ತಗೊಳ್ಳುತ್ತಿದ್ದರಾ?

ಉಳಿ_ಬಾಚಿ:

ಮಾಣಿ, ಸುಮ್ನೆ ಕೂತ್ಕೋ.

ಇಟ್ಟಿಗೆಗೂಡು ಕೇಳಿದ್ದಕ್ಕೆ ಬರುತ್ತೇನೆ. ಆ ಎತ್ತರದ ಬೆಂಚನ್ನು ಅಮೆರಿಕದಲ್ಲಿ ಫೇಸಿಂಗ್ ಬೆಂಚ್ ಅನ್ನುತ್ತಾರೆ, ಅಂದರೆ ಎದುರು ಬೆಂಚು. ಇಂಗ್ಲೆಂಡಿನಲ್ಲಿ ಮಿನಿಸ್ಟರ್ಸ್ ಸ್ಟ್ಯಾಂಡ್ ಅಥವಾ ಗ್ಯಾಲರಿ. ಸಂಬಳದ ಪಾದ್ರಿ ಇಲ್ಲ, ನಿಜ. ಆದರೆ ಸಭೆಯಲ್ಲಿ ಚೆನ್ನಾಗಿ ಮಾತಾಡುವ ವರ ಇದೆ ಅಂತ ಎಲ್ಲರೂ ಒಪ್ಪಿದವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರೇ ಮಿನಿಸ್ಟರ್‌ಗಳು. ಸಭೆಯ ಶಿಸ್ತು ನೋಡಿಕೊಳ್ಳಲು ಹಿರಿಯರು ಬೇರೆ. ಇವರಿಬ್ಬರೂ ಎದುರು ಬೆಂಚಿನಲ್ಲಿ ಕೂರುತ್ತಿದ್ದರು. ಧ್ವನಿ ದೂರ ಹೋಗಲಿ, ಎಲ್ಲರಿಗೂ ಕಾಣಲಿ ಅನ್ನೋದು ಒಂದು ಕಾರಣ. ಮೈಕ್ ಇಲ್ಲದ ಕಾಲ. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳೋದಿಲ್ಲ: ಯಾರು ದೊಡ್ಡವರು ಅಂತ ಗೊತ್ತಾಗಲಿ.

ಅಲ್ಲಿಗೆ ಹೆಂಗಸರೂ ಏರುತ್ತಿದ್ದರು, ಅದು ದೊಡ್ಡ ವಿಷಯ. ಲುಕ್ರೇಷಿಯಾ ಮಾಟ್ ಅನ್ನುವವರನ್ನು 1821ರಲ್ಲಿ ಮಿನಿಸ್ಟರ್ ಅಂತ ದಾಖಲಿಸಿದರು. ಆಗ ಅವರಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಬೇರೆ ಚರ್ಚುಗಳಲ್ಲಿ ಹೆಂಗಸು ಪ್ರವಚನ ಪೀಠದ ಹತ್ತಿರ ಸುಳಿಯೋದೇ ಅಪರೂಪವಾಗಿದ್ದ ಕಾಲ.

ಈಗ ನನ್ನ ಪ್ರೀತಿಯ ಭಾಗ. ಪೆನ್ಸಿಲ್ವೇನಿಯಾದ ಬಕಿಂಗ್‌ಹ್ಯಾಮ್ ಸಭಾಮನೆ, 1768ರದ್ದು. ಹೊರಗೆ ಕಲ್ಲಿನ ಗೋಡೆ, ಎರಡು ಬಾಗಿಲು. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ಒಳಗೆ ಎರಡು ಭಾಗ, ನಡುವೆ ಹಲಗೆಗಳ ಗೋಡೆ. ಆ ಹಲಗೆಗಳು ಸರಿಯುತ್ತವೆ. ಆರಾಧನೆಯ ಹೊತ್ತಿಗೆ ತೆರೆದಿಟ್ಟರೆ ಎಲ್ಲರೂ ಒಂದೇ ಕೋಣೆಯಲ್ಲಿ. ಅದು ಮುಗಿದ ಮೇಲೆ ವ್ಯವಹಾರದ ಸಭೆ. ಅಂದರೆ ಮದುವೆಗೆ ಒಪ್ಪಿಗೆ, ಬಡವರಿಗೆ ಸಹಾಯ, ತಪ್ಪು ಮಾಡಿದವರ ವಿಚಾರಣೆ ಇತ್ಯಾದಿ. ಆಗ ಹಲಗೆ ಮುಚ್ಚುತ್ತಿದ್ದರು. ಗಂಡಸರು ಈ ಕಡೆ, ಹೆಂಗಸರು ಆ ಕಡೆ, ಎರಡು ಸಭೆ, ಎರಡು ದಾಖಲೆ ಪುಸ್ತಕ.

ಅದಕ್ಕಿಂತ ಹಿಂದೆ ಹೆಂಗಸರಿಗೆ ಎಷ್ಟೋ ಕಡೆ ಚಿಕ್ಕ ಕೋಣೆಯೊಂದನ್ನು ಪಕ್ಕಕ್ಕೆ ಸೇರಿಸುತ್ತಿದ್ದರು, ಇಲ್ಲವೇ ಅಟ್ಟದ ಮೇಲೆ ಕಳಿಸುತ್ತಿದ್ದರು. ಬಕಿಂಗ್‌ಹ್ಯಾಮ್‌ನಲ್ಲಿ ಎರಡೂ ಭಾಗ ಒಂದೇ ಅಳತೆ. ಆ ನಕ್ಷೆ ಎಷ್ಟು ಹಿಡಿಸಿತು ಅಂದರೆ ಮುಂದೆ ಅಮೆರಿಕದ ಬಹಳಷ್ಟು ಸಭಾಮನೆಗಳು ಅದೇ ಮಾದರಿಯಲ್ಲಿ ಎದ್ದವು. ಶಿಲುಬೆಗಿಂತ ಜಾಸ್ತಿ ಹೇಳುವ ವಸ್ತು ಬೇಕಾದರೆ ನಾನು ಆ ಹಲಗೆ ಗೋಡೆಯನ್ನು ತೋರಿಸುತ್ತೇನೆ.

ಬೆಂಚುಗಳ ಮೇಲೆ ಕೈ ಆಡಿಸಿ ನೋಡಿ ಯಾವತ್ತಾದರೂ. ಹಳೆಯವಕ್ಕೆ ಬಹುಪಾಲು ಬಣ್ಣ ಇಲ್ಲ. ಬೆನ್ನಿಗೆ ಒಂದೋ ಎರಡೋ ಅಡ್ಡಪಟ್ಟಿ, ನಡುವೆ ತೆರಪು. ಕೂರುವ ಹಲಗೆಯ ಅಂಚು ಇನ್ನೂರು ವರ್ಷದ ಬಟ್ಟೆ ಉಜ್ಜಿ ಉಜ್ಜಿ ದುಂಡಗಾಗಿರುತ್ತದೆ. ಕೆತ್ತನೆ ಇಲ್ಲ, ಆದರೆ ಕೂಡಿಸಿದ ಸಂದುಗಳನ್ನು ನೋಡಿದರೆ ಗೊತ್ತಾಗುತ್ತದೆ, ಮಾಡಿದವನಿಗೆ ಅವಸರ ಇರಲಿಲ್ಲ. ಅಗ್ಗದ ಕೆಲಸ ಅಲ್ಲವೇ ಅಲ್ಲ.

ಇಟ್ಟಿಗೆಗೂಡು:

ಹಾಗಾದರೆ ಕೋಣೆ ಖಾಲಿ ಅಲ್ಲ. ಯಾರು ಎಲ್ಲಿ ಕೂರುತ್ತಾರೆ ಅನ್ನೋದೇ ಅಲ್ಲಿಯ ಚಿತ್ರ. ಹೆಂಗಸರಿಗೆ ಸಮಾನ ಕೋಣೆ, ಮೇಲಿನ ಬೆಂಚಿನಲ್ಲಿ ಜಾಗ. ಕೇಳೋಕೆ ಚೆನ್ನಾಗಿದೆ.

ಕೊನೆಯ_ಬೆಂಚು:

ಅಷ್ಟು ಬೇಗ ಖುಷಿಪಡಬೇಡಿ. ನೀವು ನೋಡಿ ಬಂದ ಅದೇ ಆರ್ಚ್ ಸ್ಟ್ರೀಟ್ ಮನೆಯ ಇನ್ನೊಂದು ಬೆಂಚಿನ ಕಥೆ ಹೇಳುತ್ತೇನೆ.

ಸಾರಾ ಮ್ಯಾಪ್ಸ್ ಡಗ್ಲಸ್ ಫಿಲಡೆಲ್ಫಿಯಾದ ಕಪ್ಪು ಮಹಿಳೆ, ಶಾಲೆಯ ಮೇಡಂ. 1806ರಲ್ಲಿ ಹುಟ್ಟಿದವರು. ತಾಯಿ ಗ್ರೇಸ್ ಡಗ್ಲಸ್ ಜೊತೆ ಚಿಕ್ಕಂದಿನಿಂದ ಆರ್ಚ್ ಸ್ಟ್ರೀಟ್ ಸಭೆಗೆ ಹೋಗುತ್ತಿದ್ದರು. ಅಲ್ಲಿ ಕಪ್ಪು ಜನರಿಗೆ ಅಂತ ಒಂದು ಬೆಂಚು ಬೇರೆ ಇತ್ತು. ಸಭೆ ತುಂಬಿದ್ದರೂ ಬೇರೆ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಬಿಳಿಯರು ಬಂದು ಕೂರದಿರಲಿ ಅಂತ ಬೆಂಚಿನ ಎರಡೂ ತುದಿಯಲ್ಲಿ ಒಬ್ಬೊಬ್ಬರು ಕೂತು ಕಾಯುತ್ತಿದ್ದರು. ಇದು ಕಪ್ಪು ಜನರ ಬೆಂಚು ಅಂತ ಬಂದವರಿಗೆ ಹೇಳುತ್ತಿದ್ದದ್ದು ಆ ಹುಡುಗಿಯ ಕಿವಿಗೆ ಬೀಳುತ್ತಿತ್ತು. 1837ರ ಒಂದು ಪತ್ರದಲ್ಲಿ ಅವರು ಇದನ್ನೆಲ್ಲ ಬರೆದಿದ್ದಾರೆ. ಆ ಬೆಂಚನ್ನು ಅಧಿಕೃತವಾಗಿ ಮೀಸಲಿಟ್ಟಿದ್ದಾರೋ ಇಲ್ಲವೋ ತಿಳಿಯದು ಅಂತಲೂ ಬರೆದಿದ್ದಾರೆ. ನನಗೆ ಅತಿ ಜಾಸ್ತಿ ಚುಚ್ಚುವುದು ಆ ಮಾತು. ಬೋರ್ಡ್ ಇಲ್ಲ, ನಿಯಮ ಇಲ್ಲ, ಗೋಡೆ ಇಲ್ಲ. ಬೆಂಚೂ ಪಕ್ಕದ್ದರ ಥರವೇ ಸರಳ. ಆದರೂ ಎಲ್ಲರಿಗೂ ಗೊತ್ತು.

ಇದು ಯಾವ ಕಾಲ ನೋಡಿ. ಫಿಲಡೆಲ್ಫಿಯಾದ ಕ್ವೇಕರ್‌ಗಳು 1776ರಲ್ಲೇ, ಗುಲಾಮರನ್ನು ಇಟ್ಟುಕೊಂಡವರಿಗೆ ನಮ್ಮಲ್ಲಿ ಸದಸ್ಯತ್ವ ಇಲ್ಲ ಅಂತ ತೀರ್ಮಾನ ಮಾಡಿದ್ದರು. ಬೇರೆಯವರಿಗಿಂತ ಎಷ್ಟೋ ಮುಂದೆ. ಅಷ್ಟಾಗಿ ಅರವತ್ತು ವರ್ಷ ಕಳೆದರೂ ಬೆಂಚು ಬೇರೆಯೇ. ದಕ್ಷಿಣ ಕೆರೊಲಿನಾದಿಂದ ಬಂದು ಕ್ವೇಕರ್ ಆದ ಅಕ್ಕತಂಗಿಯರಾದ ಸಾರಾ ಮತ್ತು ಆಂಜೆಲಿನಾ ಗ್ರಿಮ್ಕೆ ಬೇಕಂತಲೇ ಹೋಗಿ ಡಗ್ಲಸ್ ತಾಯಿ ಮಗಳ ಪಕ್ಕ ಅದೇ ಬೆಂಚಿನಲ್ಲಿ ಕೂತರು. ಭಾಷಣ ಇಲ್ಲ, ಘೋಷಣೆ ಇಲ್ಲ. ಕೂತದ್ದೇ ಪ್ರತಿಭಟನೆ.

ಆದ್ದರಿಂದ ಸರಳ ಪೀಠೋಪಕರಣ ಅಂದರೆ ಸಮಾನತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪೋದಿಲ್ಲ. ಬಲಿಪೀಠ ತೆಗೆದು ಹೊರಗೆ ಹಾಕಬಹುದು. ಯಾರ ಪಕ್ಕ ಯಾರು ಕೂರಬಾರದು ಅನ್ನೋದನ್ನು ಹೊರಗೆ ಹಾಕೋದು ಹೇಗೆ?

ಉಳಿ_ಬಾಚಿ:

ಇದನ್ನು ನಾನು ಮೊದಲೇ ಹೇಳಬೇಕಿತ್ತು ಅನ್ನೋ ಥರ ಬರೆದಿದ್ದೀರಿ. ಸರಿ, ಅದಕ್ಕೆ ಎದುರಾದ ಒಂದು ಉದಾಹರಣೆಯೂ ಇರಲಿ. ಮ್ಯಾಸಚೂಸೆಟ್ಸ್‌ನ ವೆಸ್ಟ್‌ಪೋರ್ಟ್ ಸಭಾಮನೆ. ಪಾಲ್ ಕಫಿ ಅಂತ ಹಡಗುಗಳ ಮಾಲೀಕ. ತಂದೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮ, ತಾಯಿ ಸ್ಥಳೀಯ ಮೂಲನಿವಾಸಿ. 1808ರಲ್ಲಿ ವೆಸ್ಟ್‌ಪೋರ್ಟ್ ಸಭೆಯ ಸದಸ್ಯನಾದ. 1813ರಲ್ಲಿ ಹೊಸ ಮನೆ ಕಟ್ಟುವಾಗ ಸುಮಾರು ಅರ್ಧ ಖರ್ಚು ಅವನದ್ದೇ. ಆ ಮನೆ ಇನ್ನೂ ಇದೆ.

ಕೊನೆಯ_ಬೆಂಚು:

ಗೊತ್ತು. ಅರ್ಧ ಮನೆ ಕಟ್ಟಿಸಿಕೊಡುವಷ್ಟು ಶ್ರೀಮಂತನಿಗೆ ಒಳಗೆ ಜಾಗ ಸಿಗುತ್ತದೆ. ಶಾಲೆಯ ಮೇಡಂಗೆ ಸಿಗಲಿಲ್ಲ.

ಒಂದು ಮೇಜಿನ ವಿಷಯ ಸೇರಿಸುತ್ತೇನೆ. 1688ರಲ್ಲಿ ಜರ್ಮನ್‌ಟೌನ್‌ನ ನಾಲ್ಕು ಜನ ಗುಲಾಮಗಿರಿ ತಪ್ಪು ಅಂತ ಅರ್ಜಿ ಬರೆದು ಕ್ವೇಕರ್ ಸಭೆಗೇ ಕೊಟ್ಟರು. ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು, ಅದು ಇನ್ನೂ ಮೇಲಕ್ಕೆ. ಕೊನೆಗೆ ಬದಿಗೆ ಸರಿಸಿದರು. ಆ ಅರ್ಜಿಗೆ ಸಹಿ ಹಾಕಿದ್ದು ಈ ಮೇಜಿನ ಮೇಲೆ ಅಂತ ಒಂದು ಮರದ ಮೇಜನ್ನು ಜರ್ಮನ್‌ಟೌನ್‌ನಲ್ಲಿ ಜೋಪಾನ ಮಾಡಿದ್ದಾರೆ. ಅದು ಇರೋದು ಮೆನ್ನೊನೈಟ್ ಅನ್ನುವ ಇನ್ನೊಂದು ಕ್ರೈಸ್ತ ಪಂಥದವರ ಸಭಾಮನೆಯಲ್ಲಿ, ಕ್ವೇಕರ್‌ಗಳದ್ದರಲ್ಲಿ ಅಲ್ಲ.

ಗಡಿಯಾರ_ಗಿರಾಕಿ:

ಈಗ ಆ ಎದುರು ಬೆಂಚಿನಲ್ಲಿ ಯಾರು ಕೂರುತ್ತಾರೆ? ನಾನು ಲಂಡನ್‌ನಲ್ಲಿ ನೋಡಿದ ಕಡೆ ಬೆಂಚೇ ಇರಲಿಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡುವೆ ಮೇಜು, ಮೇಜಿನ ಮೇಲೆ ಹೂವು.

ಉತ್ತರದೂರು:

ಬ್ರಿಟನ್ನಿನಲ್ಲಿ ಮಿನಿಸ್ಟರ್‌ಗಳ ಹೆಸರು ದಾಖಲಿಸುವ ಪದ್ಧತಿಯನ್ನು 1924ರಲ್ಲಿ ನಿಲ್ಲಿಸಿದರು. ಅಲ್ಲಿಗೆ ಎತ್ತರದ ಬೆಂಚಿನ ಕೆಲಸ ಮುಗಿಯಿತು. ಹಳೆಯ ಮನೆಗಳಲ್ಲಿ ಅದು ಗೋಡೆಗೆ ಕಚ್ಚಿಕೊಂಡಿರೋದರಿಂದ ಹಾಗೇ ಇದೆ. ಬೇಕಾದವರು ಕೂರುತ್ತಾರೆ. ನಮ್ಮಲ್ಲಿ ಬೆನ್ನು ನೋವಿನವರು ಅಲ್ಲಿ ಕೂರುತ್ತಾರೆ, ಬೆನ್ನಿಗೆ ಹಲಗೆ ಗಟ್ಟಿಯಾಗಿ ಸಿಗುತ್ತದೆ ಅಂತ! ಉಳಿದ ಕಡೆ ಬೆಂಚುಗಳನ್ನು ಚೌಕಾಕಾರಕ್ಕೆ ತಿರುಗಿಸಿದರು, ಇಲ್ಲವೇ ಕುರ್ಚಿ ತಂದು ದುಂಡಗೆ ಹಾಕಿದರು. ಈಗ ಎಲ್ಲರೂ ಎಲ್ಲರಿಗೂ ಎದುರು.

ಇನ್ನು ಆ ಮೇಜು. ಅದು ಮೊದಲು ಬರೀ ಕೆಲಸದ ಮೇಜು. ವ್ಯವಹಾರದ ಸಭೆಯಲ್ಲಿ ಕ್ಲರ್ಕ್ ಅಲ್ಲಿ ಕೂತು ತೀರ್ಮಾನವನ್ನು ಅಲ್ಲೇ ಬರೆದು ಅಲ್ಲೇ ಓದುತ್ತಾರೆ. ಕೈ ಎತ್ತಿ ಮತ ಹಾಕೋ ಪದ್ಧತಿ ಇಲ್ಲ. ಸಭೆಯ ಮನಸ್ಸು ಎತ್ತ ಇದೆ ಅಂತ ಕ್ಲರ್ಕ್ ಅಂದಾಜು ಮಾಡಿ ಬರೆಯಬೇಕು, ಎಲ್ಲರೂ ಒಪ್ಪಬೇಕು. ಮದುವೆ ಇದ್ದರೆ ಅದೇ ಮೇಜಿನ ಮೇಲೆ ದೊಡ್ಡ ಹಾಳೆಯ ಪ್ರಮಾಣಪತ್ರ ಹರಡುತ್ತಾರೆ. ಗಂಡು ಹೆಣ್ಣು ಎದ್ದು ನಿಂತು ಪರಸ್ಪರ ಮಾತು ಕೊಡುತ್ತಾರೆ, ಮದುವೆ ಮಾಡಿಸುವವರು ಯಾರೂ ಇಲ್ಲ. ಆಮೇಲೆ ಅಲ್ಲಿದ್ದ ಪ್ರತಿಯೊಬ್ಬರೂ ಸಾಕ್ಷಿಯಾಗಿ ಸಹಿ ಹಾಕುತ್ತಾರೆ. ನಾನು ನೋಡಿದ ಮದುವೆಯಲ್ಲಿ ಆಗಷ್ಟೇ ಅಕ್ಷರ ಕಲಿತ ಮಗುವೊಂದು ಕುರ್ಚಿ ಹತ್ತಿ, ನಾಲಗೆ ಹೊರಗೆ ಚಾಚಿಕೊಂಡು, ದಪ್ಪಕ್ಷರದಲ್ಲಿ ಹೆಸರು ಬರೆಯಿತು. ಅದರ ಅಕ್ಷರ ಪಕ್ಕದ ಮೂವರ ಜಾಗ ನುಂಗಿತ್ತು. ಯಾರೂ ಬೇಡ ಅನ್ನಲಿಲ್ಲ.

ಈಗ ವಾರವಾರವೂ ಆ ಮೇಜು ನಡುವೆ ಇರುತ್ತದೆ. ಒಂದು ಬೈಬಲ್, ಕ್ವೇಕರ್‌ಗಳ ನಡಾವಳಿಯ ಪುಸ್ತಕ, ಸಲಹೆ ಮತ್ತು ಪ್ರಶ್ನೆಗಳಿರುವ ಚಿಕ್ಕ ಕೆಂಪು ಪುಸ್ತಿಕೆ, ಒಂದು ಹೂಜಿಯಲ್ಲಿ ಹೂವು.

ಗಡಿಯಾರ_ಗಿರಾಕಿ:

ಹೇಳುತ್ತೇನೆ ಕೇಳಿ, ಅದು ಮೆಲ್ಲಗೆ ಬಲಿಪೀಠ ಆಗುತ್ತಿದೆ. ಎಲ್ಲರ ಕಣ್ಣೂ ನಡುವಿನ ಒಂದು ವಸ್ತುವಿನ ಮೇಲೆ. ಹೂವು ಪ್ರತಿವಾರ ಬದಲಾಯಿಸೋಕೆ ಪಾಳಿ. ಒಂದು ವಾರ ಹೂವಿಲ್ಲದಿದ್ದರೆ ಜನಕ್ಕೆ ಏನೋ ಕಳೆದುಕೊಂಡ ಹಾಗೆ. ಇದನ್ನೇ ಅಲ್ವಾ ಮುನ್ನೂರೈವತ್ತು ವರ್ಷದ ಹಿಂದೆ ಬೇಡ ಅಂದದ್ದು?

ಉತ್ತರದೂರು:

ಈ ಜಗಳ ಇಲ್ಲಿ ಹೊಸದಲ್ಲ. ಮೇಜೇ ಬೇಡ ಅನ್ನುವವರು ಇದ್ದಾರೆ. ಹೂವಿರಲಿ, ಬೈಬಲ್ ಬೇಡ ಅನ್ನುವವರು ಇದ್ದಾರೆ. ಬೈಬಲ್ ಒಂದಿದ್ದರೆ ಸಾಕು ಅನ್ನುವವರೂ ಇದ್ದಾರೆ. ನನ್ನ ಲೆಕ್ಕದಲ್ಲಿ ದುಂಡಗೆ ಕೂತಾಗ ಎದುರಿನವರ ಮುಖವನ್ನೇ ಒಂದು ಗಂಟೆ ದಿಟ್ಟಿಸೋಕೆ ಆಗೋದಿಲ್ಲ, ಕಣ್ಣಿಗೆ ಒಂದು ತಾಣ ಬೇಕು. ಹೂಜಿ ಅದಕ್ಕೆ. ಯಾರೂ ಅದಕ್ಕೆ ಬಗ್ಗಿ ನಮಸ್ಕಾರ ಮಾಡೋದಿಲ್ಲ.

ಗಡಿಯಾರ_ಗಿರಾಕಿ:

ಗೋಡೆ ಗಡಿಯಾರ ಸಾಲದಾ ಕಣ್ಣಿಗೆ?

ಉತ್ತರದೂರು:

ಅದೇ ದೊಡ್ಡ ತೊಂದರೆ. ಟಿಕ್ ಟಿಕ್ ಶುರುವಾದರೆ ಮೌನ ಎಲ್ಲಿ? ಒಂದು ಕಡೆ ಅದನ್ನು ತೆಗೆಸೋಕೆ ವ್ಯವಹಾರದ ಸಭೆಯಲ್ಲೇ ವಿಷಯ ಬಂತು ಅಂತ ಕೇಳಿದ್ದೇನೆ.

ನೈರೋಬಿಯಿಂದ:

ತಡವಾಗಿ ಬಂದೆ. ನೀವೆಲ್ಲ ಕ್ವೇಕರ್ ಅಂದರೆ ಮೌನ, ಬೆಂಚು, ಇಂಗ್ಲೆಂಡು, ಪೆನ್ಸಿಲ್ವೇನಿಯಾ ಅನ್ನುತ್ತಿದ್ದೀರಿ. ಜಗತ್ತಿನಲ್ಲಿ ಅತಿ ಹೆಚ್ಚು ಕ್ವೇಕರ್‌ಗಳು ಇರುವ ದೇಶ ಕೆನ್ಯಾ. 1902ರಲ್ಲಿ ಅಮೆರಿಕದಿಂದ ಮೂವರು ಮಿಷನರಿಗಳು ಪಶ್ಚಿಮ ಕೆನ್ಯಾದ ಕೈಮೋಸಿಗೆ ಬಂದರು, ಅಲ್ಲಿಂದ ಬೆಳೆಯಿತು. ಇಲ್ಲಿಯ ಹೆಚ್ಚಿನ ಫ್ರೆಂಡ್ಸ್ (ಕ್ವೇಕರ್‌ಗಳ ಇನ್ನೊಂದು ಹೆಸರು) ಚರ್ಚುಗಳಿಗೆ ಹೋದರೆ ವೇದಿಕೆ ಇದೆ, ಪ್ರವಚನ ಪೀಠ ಇದೆ, ಪಾದ್ರಿ ಇದ್ದಾರೆ, ಗಾಯಕರ ತಂಡ ಇದೆ, ಮೈಕ್ ಇದೆ. ಹಾಡು ಶುರುವಾದರೆ ರಸ್ತೆಗೆ ಕೇಳಿಸುತ್ತದೆ. ಇವರೂ ಅಷ್ಟೇ ಕ್ವೇಕರ್‌ಗಳು.

ಅಮೆರಿಕದಲ್ಲೂ ಹಾಗೇ. ಇಂಡಿಯಾನಾ, ಅಯೋವಾ ಕಡೆ 19ನೇ ಶತಮಾನದ ಕೊನೆಗೆ ಆವೇಶದ ಉಪದೇಶ, ಹಾಡಿನ ಪುನರುಜ್ಜೀವನ ಸಭೆಗಳ ಅಲೆ ಎದ್ದಾಗ ಎಷ್ಟೋ ಕ್ವೇಕರ್ ಸಭೆಗಳು ಪಾದ್ರಿಯನ್ನು ನೇಮಿಸಿಕೊಂಡವು. ಪಾದ್ರಿ ಬಂದ, ಹಿಂದೆಯೇ ಪೀಠ ಬಂತು, ಪಿಯಾನೋ ಬಂತು. ಉತ್ತರದೂರು ಅವರ ಲೆಕ್ಕ ಇಲ್ಲಿ ತಿರುಗುಮುರುಗು: ವಿಧಿ ಬಂದರೆ ಸಾಮಾನೂ ಬರುತ್ತದೆ. ಕೆಲವು ಕಡೆ ಫಾಕ್ಸ್ ಹಂಗಿಸುತ್ತಿದ್ದ ಮೊನಚು ಗೋಪುರವೂ ಏರಿತು.

ಉತ್ತರದೂರು:

ಒಪ್ಪಿದೆ. ಇಂಗ್ಲೆಂಡಿನಲ್ಲೂ ಒಂದು ಅಪವಾದ ಇದೆ. ಬರ್ಮಿಂಗ್‌ಹ್ಯಾಮ್ ಪಕ್ಕದ ಬೋರ್ನ್‌ವಿಲ್‌ನಲ್ಲಿ ಕ್ವೇಕರ್‌ಗಳೇ ಆದ ಕ್ಯಾಡ್‌ಬರಿ ಮನೆತನದವರು ಚಾಕೊಲೇಟ್ ಕಾರ್ಖಾನೆಯ ಸುತ್ತ ಊರು ಕಟ್ಟಿದರು, 1905ರಲ್ಲಿ ಸಭಾಮನೆ ಕಟ್ಟಿಸಿದರು. ಅದರಲ್ಲಿ ಆರ್ಗನ್ ಇದೆ. ಇಲ್ಲಿಯವರಿಗೆ ಅದೊಂದು ಬೆರಗು.

ಇಟ್ಟಿಗೆಗೂಡು:

ಭಾರತದಲ್ಲಿ?

ನೈರೋಬಿಯಿಂದ:

ಮಧ್ಯಪ್ರದೇಶದಲ್ಲಿ. ಹೋಶಂಗಾಬಾದ್, ಅಂದರೆ ಈಗಿನ ನರ್ಮದಾಪುರಂ, ಇಟಾರ್ಸಿ, ಸೋಹಾಗ್‌ಪುರ ಕಡೆ ಇಂಗ್ಲೆಂಡಿನ ಕ್ವೇಕರ್‌ಗಳು 19ನೇ ಶತಮಾನದಲ್ಲಿ ಬಂದರು. ಛತ್ತರ್‌ಪುರದ ಕಡೆ ಅಮೆರಿಕದ ಓಹಿಯೋದವರು. ಇವರದ್ದು ಹೆಚ್ಚಾಗಿ ಶಾಲೆ, ಆಸ್ಪತ್ರೆ, ಬರಗಾಲದ ಅನಾಥ ಮಕ್ಕಳ ಕೆಲಸ.

ಮಲೆನಾಡ_ಮಾಣಿ:

ಯಾರೂ ಇನ್ನೂ ವಚನ ತಂದಿಲ್ಲ! ಕಾಲೇ ಕಂಬ, ದೇಹವೇ ದೇಗುಲ...

ಕೊನೆಯ_ಬೆಂಚು:

ಬೇಡ ಮಾರಾಯ. ಅಂಗೈಯಲ್ಲಿ ಲಿಂಗ ಹಿಡಿದವರದ್ದು ಒಂದು ದಾರಿ, ಕೈಯಲ್ಲಿ ಏನೂ ಬೇಡ ಅಂದವರದ್ದು ಬೇರೆ ದಾರಿ. ದೇವಸ್ಥಾನ ಬಿಟ್ಟರು ಅನ್ನೋ ಒಂದೇ ಕಾರಣಕ್ಕೆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸೋದು ಇಬ್ಬರಿಗೂ ಅನ್ಯಾಯ. ಬೇಕಾದರೆ ಬೇರೆ ಚರ್ಚೆ ಶುರು ಮಾಡು.

ಇಟ್ಟಿಗೆಗೂಡು:

ಚಿತ್ರಗಳೂ ಪೂರ್ತಿ ನಿಷಿದ್ಧವಾ? ಕ್ವೇಕರ್ ಚಿತ್ರಕಾರ ಅಂತ ಯಾರೂ ಇಲ್ಲವಾ?

ಕೊನೆಯ_ಬೆಂಚು:

ಇದ್ದಾರೆ, ಮತ್ತು ಅವರ ಪಾಡು ಕಷ್ಟದ್ದು. ಎಡ್ವರ್ಡ್ ಹಿಕ್ಸ್, 1780ರಿಂದ 1849ರವರೆಗೆ ಇದ್ದ ಪೆನ್ಸಿಲ್ವೇನಿಯಾದವ. ಬಂಡಿಗೆ, ಅಂಗಡಿ ಬೋರ್ಡಿಗೆ ಬಣ್ಣ ಹೊಡೆಯೋದು ಕಸುಬು. ಜೊತೆಗೆ ದಾಖಲಾದ ಮಿನಿಸ್ಟರ್ ಕೂಡ, ಅಂದರೆ ಎದುರು ಬೆಂಚಿನಲ್ಲಿ ಕೂರುವವ. ಅಲಂಕಾರದ ಬಣ್ಣದ ಕೆಲಸ ಕ್ವೇಕರ್‌ಗೆ ತಕ್ಕದ್ದಲ್ಲ ಅಂತ ಜನ ಆಡಿಕೊಂಡರು. ಬಿಟ್ಟು ಬೇಸಾಯಕ್ಕೆ ಇಳಿದ, ಕೈ ಸುಟ್ಟುಕೊಂಡ, ಮತ್ತೆ ಕುಂಚ ಹಿಡಿದ. ಸಿಂಹ, ಎತ್ತು, ಚಿರತೆ, ಕುರಿಮರಿ ಒಟ್ಟಿಗೆ ಮಲಗಿರುವ, ಬೈಬಲ್‌ನಲ್ಲಿ ಬರುವ ಶಾಂತಿಯ ರಾಜ್ಯದ ಒಂದೇ ದೃಶ್ಯವನ್ನು ಬದುಕಿಡೀ ಅರವತ್ತಕ್ಕೂ ಹೆಚ್ಚು ಸಲ ಬಿಡಿಸಿದ. 1827ರಲ್ಲಿ ಕ್ವೇಕರ್‌ಗಳು ಒಡೆದು ಎರಡಾದರು. ಒಂದು ಬಣದ ಮುಂದಾಳು ಇವನ ನೆಂಟ ಎಲಿಯಾಸ್ ಹಿಕ್ಸ್. ಒಂದೇ ಊರಲ್ಲಿ ಎರಡೆರಡು ಸಭಾಮನೆ ಎದ್ದವು, ಒಳಗೆ ಒಂದೇ ಥರದ ಬೆಂಚು! ಅದಾದ ಮೇಲೆ ಎಡ್ವರ್ಡ್ ಬಿಡಿಸಿದ ಕೆಲವು ಸಿಂಹಗಳ ಕಣ್ಣು ನೋಡಿ, ಶಾಂತಿ ಜಾಸ್ತಿ ಕಾಣೋದಿಲ್ಲ. ಇವತ್ತು ಅವು ದೊಡ್ಡ ಮ್ಯೂಸಿಯಂಗಳಲ್ಲಿವೆ.

ಇನ್ನೊಂದು 1916ರಲ್ಲಿ ಜೆ. ಡಾಯ್ಲ್ ಪೆನ್‌ರೋಸ್ ಬಿಡಿಸಿದ ಚಿತ್ರ. ಇಂಗ್ಲೆಂಡಿನ ಜಾರ್ಡನ್ಸ್ ಸಭಾಮನೆಯಲ್ಲಿ ಜನ ಮೌನವಾಗಿ ಕೂತಿದ್ದಾರೆ, ಎದುರು ಬೆಂಚಿನ ಹತ್ತಿರ ಕ್ರಿಸ್ತನ ಮಸುಕಾದ ರೂಪ. ಇದರ ಮುದ್ರಿತ ಪ್ರತಿಗಳು ಎಷ್ಟೋ ಕ್ವೇಕರ್ ಮನೆಗಳ, ಸಭಾಮನೆಗಳ ಗೋಡೆಗೆ ಏರಿದವು. ಗೋಡೆ ಖಾಲಿ ಇರಬೇಕು ಅನ್ನುವವರು ಖಾಲಿ ಗೋಡೆಯ ಚಿತ್ರವನ್ನೇ ತಂದು ತೂಗುಹಾಕಿದರು.

ಉತ್ತರದೂರು:

ಇಂಗ್ಲೆಂಡಿನ ಉತ್ತರದ ಕೆಂಡಲ್ ಊರನ್ನು ಬಿಟ್ಟಿರಿ. ಅಲ್ಲಿಯ 1816ರ ಸಭಾಮನೆಯಲ್ಲಿ ಕ್ವೇಕರ್ ಕಸೂತಿ ಇದೆ. 77 ಫಲಕ, ಕ್ವೇಕರ್ ಇತಿಹಾಸವೆಲ್ಲ ಉಣ್ಣೆಯ ದಾರದಲ್ಲಿ. 1981ರಲ್ಲಿ ಶುರು. 15 ದೇಶಗಳ ಸುಮಾರು 4,000 ಜನ ಹೊಲಿದಿದ್ದಾರೆ. ಹತ್ತಿರದಿಂದ ನೋಡಿದರೆ ಒಂದೇ ಫಲಕದಲ್ಲಿ ಹೊಲಿಗೆಯ ಬಿಗಿ ಬೇರೆ ಬೇರೆ, ಕೈ ಬದಲಾದದ್ದು ಗೊತ್ತಾಗುತ್ತದೆ.

ಜಾರ್ಡನ್ಸ್ ಅಂದಿರಲ್ಲ, ಅದು 1688ರ ಮನೆ. ಪೆನ್ಸಿಲ್ವೇನಿಯಾ ಕಟ್ಟಿದ ವಿಲಿಯಂ ಪೆನ್ ಸಮಾಧಿ ಅಲ್ಲೇ ಇದೆ. ಸಮಾಧಿ ಕಲ್ಲಿನ ಕಥೆ ಕೇಳಿ. ಕಲ್ಲು ನೆಟ್ಟರೆ ಸತ್ತ ಮೇಲೂ ಮೇಲು ಕೀಳು ಶುರು ಅಂತ 1717ರಲ್ಲಿ ಇದ್ದವನ್ನೂ ಕೀಳಿಸಲು ಹೇಳಿದರು. 1850ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು, ಆದರೆ ಎಲ್ಲರದ್ದೂ ಒಂದೇ ಥರ, ಹೆಸರು ಮತ್ತು ಇಸವಿ ಮಾತ್ರ. ಪೆನ್‌ನ ಕಲ್ಲು ಆಮೇಲಿನದ್ದು. ಅದೂ ಪಕ್ಕದವರದ್ದರಷ್ಟೇ ಚಿಕ್ಕದು. 2005ರಲ್ಲಿ ಆ ಮನೆಗೆ ಬೆಂಕಿ ಬಿದ್ದು ಚಾವಣಿ ಹಾಳಾಯಿತು, ಸರಿಪಡಿಸಿದ್ದಾರೆ.

ಉಳಿ_ಬಾಚಿ:

ಸಂಕೇತದ ಮಾತು ಬಂದದ್ದಕ್ಕೆ, ಒಂದು ಕಡೆ ಮಾತ್ರ ಕ್ವೇಕರ್‌ಗಳು ಧಾರಾಳವಾಗಿ ಗುರುತು ಹಾಕಿದ್ದಾರೆ: ಕೆಂಪು ಕಪ್ಪು ಎಂಟು ಮೂಲೆ ನಕ್ಷತ್ರ. 1870-71ರಲ್ಲಿ ಫ್ರಾನ್ಸ್ ಪ್ರಷ್ಯಾ ಯುದ್ಧದ ಸಂತ್ರಸ್ತರಿಗೆ ಆಹಾರ, ಬೀಜ ಹಂಚುವಾಗ ಶುರುವಾದ ಗುರುತು. ಮೂಟೆಯ ಮೇಲೆ, ಗಾಡಿಯ ಮೇಲೆ, ತೋಳಿನ ಪಟ್ಟಿಯ ಮೇಲೆ. ಸಭಾಮನೆಯ ಒಳಗೆ ಅದಕ್ಕೆ ಜಾಗ ಇಲ್ಲ.

ಒಳಗೆ ಜಾಗ ಸಿಕ್ಕಿದ್ದು ಬೆಳಕಿಗೆ. ಕಿಟಕಿ ಯಾವತ್ತೂ ಬಣ್ಣವಿಲ್ಲದ ಗಾಜು. ಎಷ್ಟೋ ಕಡೆ ಎತ್ತರದಲ್ಲಿ, ಕೂತವರಿಗೆ ರಸ್ತೆ ಕಾಣದ ಹಾಗೆ. ಇದನ್ನೇ ತುದಿಗೆ ಒಯ್ದವರು ಕಲಾವಿದ ಜೇಮ್ಸ್ ಟರೆಲ್. ಕ್ವೇಕರ್ ಮನೆತನದಲ್ಲೇ ಬೆಳೆದವರು. ಒಳಗೆ ಹೋಗಿ ಬೆಳಕನ್ನು ಎದುರುಗೊಳ್ಳು ಅಂತ ಅಜ್ಜಿ ಹೇಳುತ್ತಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ. ಹ್ಯೂಸ್ಟನ್‌ನ ಲೈವ್ ಓಕ್ ಸಭಾಮನೆಯಲ್ಲಿ ಚಾವಣಿಗೆ ಚೌಕದ ಕಂಡಿ ಮಾಡಿದರು. ಮುಚ್ಚಳ ಸರಿಸಿದರೆ ಗಾಜೂ ಇಲ್ಲ, ನೇರ ಆಕಾಶ. ಫಿಲಡೆಲ್ಫಿಯಾದ ಚೆಸ್ಟ್‌ನಟ್ ಹಿಲ್‌ನಲ್ಲಿ 2013ರಲ್ಲಿ ಅಂಥದ್ದೇ ಇನ್ನೊಂದು. ಸಂಜೆ ಹೊತ್ತು ಒಳಗೋಡೆಗೆ ಮಂದ ಬಣ್ಣದ ದೀಪ ಹಾಕುತ್ತಾರೆ. ಆಗ ಆಕಾಶ ಮೇಲೆ ದೂರದಲ್ಲಿದೆ ಅನ್ನಿಸೋದಿಲ್ಲ, ಚಾವಣಿಗೆ ಅಂಟಿಸಿದ ನೀಲಿ ಹಾಳೆ ಅನ್ನಿಸುತ್ತದೆ. ಇಟ್ಟಿಗೆಗೂಡು, ನಿಮಗೆ ಹತ್ತಿರ, ನೋಡಿ ಬನ್ನಿ. ಮೊದಲೇ ಹೆಸರು ಬರೆಸಬೇಕು.

ಗಡಿಯಾರ_ಗಿರಾಕಿ:

ಹೂಜಿಗೆ ನನ್ನ ತಕರಾರು, ಚಾವಣಿ ತೂತಿಗೆ ಇಲ್ಲವಾ ಅಂತ ಕೇಳಬೇಡಿ. ಅದಕ್ಕೂ ಇದೆ. ನೋಡೋಕೆ ಟಿಕೆಟ್ ಬುಕ್ ಮಾಡಿದ ಹಾಗೆ ಜನ ಬರುವ ಜಾಗವನ್ನು ಸರಳ ಅನ್ನೋದು ಹೇಗೆ?

ಉಳಿ_ಬಾಚಿ:

ನೀವು ಒಮ್ಮೆ ಅದರ ಕೆಳಗೆ ಕೂತು ಆಮೇಲೆ ಬೈಯಿರಿ.

ಇಟ್ಟಿಗೆಗೂಡು:

ಕೊನೆಯ ಪ್ರಶ್ನೆ. ಕಟ್ಟಡ ನೋಡಿದ್ದಾಯಿತು, ಸಭೆಗೆ ಹೋಗಿ ಕೂರಬೇಕು ಅನ್ನಿಸಿದೆ. ಹೊರಗಿನವರು ಹೋಗಬಹುದಾ? ಎಲ್ಲಿ ಕೂರಬೇಕು?

ಉತ್ತರದೂರು:

ಧಾರಾಳವಾಗಿ. ಬಾಗಿಲಲ್ಲಿ ಒಬ್ಬರು ಕೈ ಕುಲುಕಿ ಒಳಗೆ ಬಿಡುತ್ತಾರೆ. ಖಾಲಿ ಇರೋ ಕಡೆ ಕೂರಿ, ಎದುರು ಬೆಂಚಿನಲ್ಲಿ ಬೇಕಾದರೂ. ಬಾಗಿಲ ಪಕ್ಕ ಮಾತ್ರ ಬೇಡ, ತಡವಾಗಿ ಬರುವವರಿಗೆ ಇರಲಿ. ಸುಮಾರು ಒಂದು ಗಂಟೆ. ಒಬ್ಬರೂ ಮಾತಾಡದೆಯೂ ಮುಗಿಯಬಹುದು. ಕೊನೆಗೆ ಇಬ್ಬರು ಹಿರಿಯರು ಕೈ ಕುಲುಕಿದರೆ ಮುಗಿಯಿತು ಅಂತ ಅರ್ಥ. ಆಮೇಲೆ ಚಹಾ, ಬಿಸ್ಕತ್ತು. ಫೋನ್ ಆಫ್ ಮಾಡಿ. ಹಳೆಯ ಮನೆಗಳಲ್ಲಿ ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ. ಮೇರಿಲ್ಯಾಂಡ್‌ನ ಈಸ್ಟನ್‌ನಲ್ಲಿರುವ ಥರ್ಡ್ ಹೇವನ್ ಮನೆ 1680ರ ದಶಕದ್ದು, ಅದಕ್ಕೆ ಇವತ್ತಿಗೂ ಕರೆಂಟಿಲ್ಲ, ಒಲೆ ಇಲ್ಲ. ಚಳಿಗಾಲ ಬಂದರೆ ಅವರೇ ಪಕ್ಕದ ಹೊಸ ಕಟ್ಟಡಕ್ಕೆ ಎದ್ದು ಹೋಗುತ್ತಾರೆ.

ಮಲೆನಾಡ_ಮಾಣಿ:

ಬಿಸ್ಕತ್ತು ಇದೆ ಅಂತ ಮೊದಲೇ ಹೇಳಬಾರದಿತ್ತಾ?